ನಾಲೆ ನಿಂತ ಸಂಜೆ

ತೂಬಿಗೆ ಬೀಗ ಬೀಳುವ ದಿನ
ಊರಿಗಿಂತ ಮೊದಲು ನಮ್ಮ ಮನೆಗೆ ಗೊತ್ತು.
ಅಪ್ಪ ನೀರುಗಂಟಿ.
ಕೀಲಿಕೈ ಗೂಟಕ್ಕೆ ತಗುಲಿಸಿ, ಕಾಲೂ ತೊಳೆಯದೆ
'ಕನ್ನಂಬಾಡೀಲಿ ನಿಲ್ಸವ್ರೆ' ಅಂದರೆ ಸಾಕು,
ಅವ್ವ ಒಲೆ ಮೇಲಿನ ಎಸರು ಇಳಿಸಿ
ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

ಹಿಡಿ ಕಿತ್ತುಹೋದ ಬಕೆಟ್ಟು.
ಪಾಂಡವಪುರದ ಸಂತೆಯಲ್ಲಿ ಕೊಂಡ ಬ್ಯಾಟರಿ,
ತಲೆಗೊಂದು ತಟ್ಟಿದರೆ ಮಾತ್ರ ಉರಿಯುವುದು.
ದಾರಕ್ಕೆ ಕಟ್ಟಿದ ಕೋಳಿ ಕರುಳು ತಮ್ಮ ಚಲುವನ ಪಾಲು,
ದಾರಿಯುದ್ದಕ್ಕೂ ಊರ ನಾಯಿಗಳೆಲ್ಲ ಅವನ ನೆಂಟರು.

ಹುಣ್ಣಿಮೆ ಹತ್ತಿರವಿದ್ದರೆ ಅಜ್ಜಿ ಜಗಲಿಯಿಂದಲೇ ಗೊಣಗುವಳು:
'ಬೆಳ್ದಿಂಗ್ಳ ನಳ್ಳಿ ಬರೀ ಚಿಪ್ಪು ಕಣ್ರೋ,
ಅಮಾಸೆ ಬರ್ಲಿ.'
ತೂಬು ಅಮಾಸೆಗೆ ಕಾಯುವುದಿಲ್ಲ.
ನಾವೂ.

ನೀರು ಹೋದ ನಾಲೆಗೆ ಬೇರೆಯದೇ ವಾಸನೆ.
ಕೆಸರು, ಕೊಳೆತ ಜೊಂಡು, ಯಾರದೋ ಒಂಟಿ ಚಪ್ಪಲಿ.
ಏರಿಯ ಬದಿಗೆ ಬಿಲದ ಪಕ್ಕ ಬಿಲ.
ಅವ್ವ ಮಂಡಿಯೂರಿ ಭುಜದವರೆಗೂ ಕೈ ಇಳಿಬಿಟ್ಟು
ಮುಖ ಆಚೆ ತಿರುಗಿಸುತ್ತಿದ್ದಳು,
ಒಳಗಿನಿಂದ ಯಾರೋ ಗುಟ್ಟು ಹೇಳುತ್ತಿರುವ ಹಾಗೆ.
'ಬಾಯಲ್ಲಿ ಹಸಿಮಣ್ ಗುಡ್ಡೆ ಇದ್ರೆ ನಳ್ಳಿ.
ನುಣ್ಗಿದ್ರೆ ಕೈ ಆಕ್ಬ್ಯಾಡಿ, ಅದು ಬ್ಯಾರೇರ ಮನೆ.'
ಹಾವು ಅನ್ನುವ ಮಾತನ್ನು
ಹೊತ್ತು ಮುಳುಗಿದ ಮೇಲೆ ಆಡುತ್ತಿರಲಿಲ್ಲ ಅವಳು.

ಅಪ್ಪ?
ಇಡೀ ಬಯಲಿನ ನೀರನ್ನು ಗೇಣು ಏರಿಸಿ ಗೇಣು ಇಳಿಸುವವನು
ನಳ್ಳಿ ಕಂಡರೆ ಏರಿ ಹತ್ತಿ ನಿಲ್ಲುತ್ತಿದ್ದ.
ಬ್ಯಾಟರಿ ಹಿಡಿಯುವ ಕೆಲಸ ಅವನದು. ಬೆಳಕು ನಡುಗುತ್ತಿತ್ತು.
ನಾವು ನಗುತ್ತಿರಲಿಲ್ಲ.
ನಗುತ್ತಿದ್ದೆವು, ಬಿಲಕ್ಕೆ ಮುಖ ಕೊಟ್ಟು.

ಆ ಸಲ ಚಲುವನ ಹೆಬ್ಬೆರಳು ಹಿಡಿಯಿತು.
ಗಂಡು ನಳ್ಳಿ, ಅಂಗೈಯಗಲ, ಇದ್ದದ್ದು ಒಂದೇ ಕೊಂಡಿ.
ಕಿರುಚಿ ಕೊಡವಿದ. ಕೊಡವಿದಷ್ಟೂ ಬಿಗಿ.
ನಾನು ಎಳೆದೆ. ಎಳೆದಷ್ಟೂ ರಕ್ತ.
ಅವ್ವ ಬೈಯಲೂ ಇಲ್ಲ, ಓಡಿ ಬರಲೂ ಇಲ್ಲ.
'ಎಳೀಬ್ಯಾಡ ಕಣವ್ವ. ಕೈಯ ನೀರ್ಗೆ ಇಳ್ಸು.
ಸುಮ್ಕಿರು. ಅದ್ಕೂ ಎದ್ರಿಕೆ.'
ಗುಂಡಿಯ ಬಗ್ಗಡದಲ್ಲಿ ಅವನ ಕೈ, ಅದರ ಮೇಲೆ ನನ್ನ ಕೈ,
ಯಾರೂ ಏನೂ ಮಾಡದ ಅಷ್ಟು ಹೊತ್ತು.
ಬಿಟ್ಟಿತು.

ರಾತ್ರಿ ಚಿಪ್ಪು ಸಮೇತ ಕುಟ್ಟಿ, ಬಟ್ಟೆಯಲ್ಲಿ ಹಿಂಡಿ,
ಹುರಿದ ಕಾಯಿ, ಮೆಣಸು, ಒಂದು ಉಂಡೆ ಹುಣಸೆ.
ಮುದ್ದೆ ಮುರಿಯಲಾಗದ ಚಲುವನಿಗೆ ನಾನೇ ತುತ್ತು ಮಾಡಿದೆ.
ಆ ಒಂದು ಕೊಂಡಿಯೂ ಅವನಿಗೇ.
ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡ.
ಬೆಂದದ್ದಕ್ಕೆ ಅವನು ಹೆದರುತ್ತಿರಲಿಲ್ಲ.

ಈಗ ನಾಲೆಯ ಎರಡೂ ಬದಿ ಕಾಂಕ್ರೀಟು.
ಕೊನೆಯ ಗದ್ದೆಗೂ ನೀರು ಮುಟ್ಟುತ್ತದೆ, ಒಳ್ಳೆಯದೇ.
ಬೆರಳು ತೂರಿಸಲು ಜಾಗವಿಲ್ಲ.
ಅವ್ವನ ತಿಥಿಯ ದಿನ ಎಲೆ ಎತ್ತುವ ಮೊದಲೇ
ಹನ್ನೆರಡು ಗುಂಟೆಯ ಮಾತು ಬಂತು.
ಅವನು ಕೊಡವಿದ, ನಾನು ಎಳೆದೆ.
ಮೂರು ವರ್ಷ.

ಇವತ್ತು ಬೆಳಿಗ್ಗೆ ಅವನ ಮಗಳು ಸೈಕಲ್ಲಿನಲ್ಲಿ ಬಂದು
ಮುಚ್ಚಳಕ್ಕೆ ತೂತು ಹೊಡೆದ ಪೇಂಟಿನ ಡಬ್ಬ ಇಟ್ಟಳು.
'ಕೆರೆ ಕೋಡೀಲಿ ಸಿಕ್ದೊ. ಅತ್ತೇಗೆ ಕೊಟ್ಬಾ ಅಂದ್ರು.'
ಕಾಫಿ ಕುಡಿ ಅಂದೆ, ಸ್ಕೂಲಿಗೆ ಹೊತ್ತಾಯಿತೆಂದು ಹೊರಟೇಹೋದಳು.

ಐದು.
ಬಾಳೆನಾರಿನಲ್ಲಿ ಕೊಂಡಿ ಕಟ್ಟಿದ್ದಾನೆ,
ಅವ್ವನ ಗಂಟೇ, ಎಡಕ್ಕೆ ಎರಡು ಸುತ್ತು.
ಗೋಡೆಯ ಕ್ಯಾಲೆಂಡರು ನೋಡಿದೆ.
ಅಮಾಸೆ.
ಕಾದಿದ್ದಾನೆ.

ನಾರು ಬಿಚ್ಚಿ, ಡಬ್ಬಕ್ಕೊಂದು ಚೊಂಬು ನೀರು ಹೊಯ್ದು
ಪಕ್ಕದಲ್ಲಿ ಕೂತಿದ್ದೇನೆ.
ಒಲೆ ಇನ್ನೂ ಹಚ್ಚಿಲ್ಲ.